ಸ್ಲೀಪ್ ಹಾಕಿ ಕಾಯುವುದನ್ನು ಬಿಡಿ: ಪಬ್ಲಿಷ್-ಸಬ್‌ಸ್ಕ್ರೈಬ್ ಕೋಡನ್ನು ಪರೀಕ್ಷಿಸುವ ಕ್ರಮ

ಹಿಂಜವಡಿ, ಐರೋಲಿ, ಪೊವಾಯಿಗಳ ಕಚೇರಿಗಳಲ್ಲಿ ಕೆಲಸ ಮಾಡುವ ಕನ್ನಡದ ಓದುಗರು ಕೆಲವು ತಿಂಗಳಿನಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ. ಇವೆಂಟ್ ಹಂಚುವ ಕೋಡಿಗೆ ಬರೆದ ಪರೀಕ್ಷೆ ಅವರ ಲ್ಯಾಪ್‌ಟಾಪಿನಲ್ಲಿ ಪ್ರತಿ ಸಲವೂ ಪಾಸಾಗುತ್ತದೆ; ತಂಡದ ಕೋಡನ್ನೆಲ್ಲ ಕೂಡಿಸಿ ಪರೀಕ್ಷೆ ಓಡಿಸುವ ಬಿಲ್ಡ್ ಸರ್ವರಿನಲ್ಲಿ ಮಾತ್ರ ವಾರಕ್ಕೆ ಒಂದೆರಡು ಸಲ ಬೀಳುತ್ತದೆ; ಮತ್ತೆ ಓಡಿಸಿದರೆ ಏನೂ ಆಗಿಲ್ಲವೆಂಬಂತೆ ಪಾಸಾಗುತ್ತದೆ. ಹಲವರು ಪರೀಕ್ಷೆಯ ಕೋಡನ್ನೂ ಜೊತೆಗೆ ಕಳುಹಿಸಿದ್ದಾರೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಸಾಲು ಮಾತ್ರ ಹಾಗೇ ಇದೆ: ಇವೆಂಟ್ ಕಳುಹಿಸಿದ ಮೇಲೆ ಅರ್ಧ ಸೆಕೆಂಡು ಸ್ಲೀಪ್, ಅಂದರೆ ಏನೂ ಮಾಡದೆ ಸುಮ್ಮನೆ ಕಾಯುವುದು. ಆ ಸಾಲನ್ನು ಕಿತ್ತು ಅದರ ಜಾಗದಲ್ಲಿ ಏನಿಡಬೇಕು ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಜಾವಾದವು, ಕೆಲವು ಗೋ ಭಾಷೆಯವು. ವಿಚಾರ ಮಾತ್ರ ಎಲ್ಲ ಭಾಷೆಗಳಿಗೂ ಒಂದೇ.

ಮೊದಲು ಪದಗಳು. ಮಾಟುಂಗಾದ ಒಂದು ಉಡುಪಿ ಹೋಟೆಲನ್ನು ಕಣ್ಣಮುಂದೆ ತಂದುಕೊಳ್ಳಿ. ಸಪ್ಲೈಯರ್ ಆರ್ಡರನ್ನು ಕೈಯಲ್ಲಿರುವ ಯಂತ್ರದಲ್ಲಿ ಒತ್ತಿದ ಕೂಡಲೇ ಅಡುಗೆಮನೆಯಲ್ಲಿ ಕೆಒಟಿ, ಅಂದರೆ ಅಡುಗೆಯವರಿಗೆ ಹೋಗುವ ಚೀಟಿ, ಮುದ್ರಣವಾಗುತ್ತದೆ. ಗಲ್ಲಾದಲ್ಲಿ ಬಿಲ್ಲಿಗೆ ಒಂದು ಸಾಲು ಸೇರುತ್ತದೆ. ದಾಸ್ತಾನಿನ ಲೆಕ್ಕದಲ್ಲಿ ಅಷ್ಟು ಇಳಿಯುತ್ತದೆ. ಈ ಮೂವರಲ್ಲಿ ಯಾರು ಕೇಳಿಸಿಕೊಂಡರು, ಯಾರು ಇಲ್ಲ ಎಂಬ ಗೊಡವೆ ಸಪ್ಲೈಯರಿಗಿಲ್ಲ. ಇಲ್ಲಿ ‘ಆರ್ಡರ್ ಬಂತು’ ಎಂಬ ಸುದ್ದಿಯೇ ಇವೆಂಟ್, ಅದನ್ನು ಹೊರಡಿಸುವ ಭಾಗ ಪಬ್ಲಿಷರ್, ‘ಈ ಬಗೆಯ ಸುದ್ದಿ ನನಗೆ ಬೇಕು’ ಎಂದು ಹೆಸರು ನೋಂದಾಯಿಸಿಕೊಂಡವರು ಸಬ್‌ಸ್ಕ್ರೈಬರ್‌ಗಳು, ನಡುವೆ ನಿಂತು ಹಂಚುವುದು ಇವೆಂಟ್ ಬಸ್. ಥ್ರೆಡ್ ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಉಳಿದವುಗಳ ಜೊತೆಜೊತೆಗೇ ಸಾಗುವ ಕೆಲಸದ ಎಳೆ. ಎರಡು ಥ್ರೆಡ್‌ಗಳಲ್ಲಿ ಯಾವುದು ಮೊದಲು ತಲುಪಿತೆಂಬುದರ ಮೇಲೆ ಫಲಿತಾಂಶ ಬದಲಾಗುವ ದೋಷಕ್ಕೆ ರೇಸ್ ಎಂದು ಹೆಸರು.

ಇದು ಏಕೆ ಕಷ್ಟ ಎಂಬುದಕ್ಕೆ ಒಂದು ಲೆಕ್ಕ ಸಾಕು. ತಲಾ 10 ಹೆಜ್ಜೆಗಳ ಎರಡು ಥ್ರೆಡ್‌ಗಳು ಪರಸ್ಪರ ಹೆಣೆದುಕೊಳ್ಳಬಹುದಾದ ಬಗೆಗಳು 1,84,756. ನಿಮ್ಮ ಲ್ಯಾಪ್‌ಟಾಪು ಅವುಗಳಲ್ಲಿ ತನಗೆ ಒಗ್ಗಿದ ಕೆಲವನ್ನೇ ಮತ್ತೆ ಮತ್ತೆ ಆಡುತ್ತದೆ. ಕಡಿಮೆ ಕೋರ್‌ಗಳ, ಬೇರೆ ಕೆಲಸಗಳ ಹೊರೆಯೂ ಇರುವ ಬಿಲ್ಡ್ ಸರ್ವರ್ ಬೇರೆ ಕೆಲವನ್ನು ಆಡುತ್ತದೆ. ಹೀಗಾಗಿ ‘ನನ್ನ ಯಂತ್ರದಲ್ಲಿ ಸರಿಯಾಗಿದೆ’ ಎಂಬ ಮಾತು ಸುಳ್ಳಲ್ಲದಿದ್ದರೂ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಬೇಕಾದವು ಹೆಚ್ಚೇನಿಲ್ಲ: ನೀವು ಈಗಾಗಲೇ ಬಳಸುವ ಪರೀಕ್ಷಾ ಚೌಕಟ್ಟು, ಭಾಷೆಯ ಜೊತೆಗೇ ಬರುವ ಲ್ಯಾಚ್ (ಕಾಯಿಸುವ ಅಗುಳಿ) ಮತ್ತು ಕ್ಯೂ (ಸರತಿ), ಸಾಧ್ಯವಿದ್ದರೆ ಒಂದು ರೇಸ್ ಪತ್ತೆಕಾರಕ, ಮತ್ತು ಒಂದು ಹಾಳೆ. ಹಾಳೆಯಿಂದಲೇ ಆರಂಭಿಸಬೇಕು.

1. ವ್ಯವಸ್ಥೆ ಕೊಡುವ ಮಾತನ್ನು ಬರೆದಿಡಿ

ಪರೀಕ್ಷೆ ಬರೆಯುವ ಮುನ್ನ ನಿಮ್ಮ ಬಸ್ ಏನನ್ನು ಖಾತ್ರಿಪಡಿಸುತ್ತದೆ, ಏನನ್ನು ಖಾತ್ರಿಪಡಿಸುವುದಿಲ್ಲ ಎಂಬುದನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. ಸಬ್‌ಸ್ಕ್ರೈಬರ್ ಓಡುವುದು ಪಬ್ಲಿಷರಿನ ಥ್ರೆಡ್ಡಿನಲ್ಲೋ ಬೇರೆಯದರಲ್ಲೋ? ಒಬ್ಬ ಪಬ್ಲಿಷರ್ ಕಳುಹಿಸಿದ ಕ್ರಮದಲ್ಲೇ ಇವೆಂಟ್‌ಗಳು ತಲುಪುತ್ತವೆಯೇ? ಒಂದೇ ಇವೆಂಟ್ ಎರಡು ಸಲ ಬರಬಹುದೇ? ಒಬ್ಬ ಸಬ್‌ಸ್ಕ್ರೈಬರಿನಲ್ಲಿ ಎಕ್ಸೆಪ್ಶನ್, ಅಂದರೆ ಕೆಲಸವನ್ನು ನಡುವೆಯೇ ಮುರಿಯುವ ದೋಷದ ಸೂಚನೆ, ಎದ್ದರೆ ಉಳಿದವರಿಗೆ ಇವೆಂಟ್ ಮುಟ್ಟುತ್ತದೆಯೇ? ಅನ್‌ಸಬ್‌ಸ್ಕ್ರೈಬ್ ಕರೆ ಮುಗಿದ ಮೇಲೂ ಕೊನೆಯದೊಂದು ಇವೆಂಟ್ ಬರಬಹುದೇ? ಕ್ಯೂ ತುಂಬಿದರೆ ಪಬ್ಲಿಷರ್ ಕಾಯಬೇಕೋ, ಇವೆಂಟ್ ಬಿದ್ದುಹೋಗಬೇಕೋ?

ಸಂದೇಶ ಹಂಚುವ ಹೆಸರಾಂತ ವ್ಯವಸ್ಥೆಗಳೂ ಈ ಪ್ರಶ್ನೆಗಳಿಗೆ ಒಂದೇ ಉತ್ತರ ಕೊಡುವುದಿಲ್ಲ. ರೆಡಿಸ್‌ನ ಪಬ್‌ಸಬ್ ಹೆಚ್ಚೆಂದರೆ ಒಂದು ಸಲ ತಲುಪಿಸುತ್ತದೆ. ಆ ಗಳಿಗೆಯಲ್ಲಿ ಸಂಪರ್ಕದಲ್ಲಿಲ್ಲದವರಿಗೆ ಸಂದೇಶ ಸಿಗುವುದೇ ಇಲ್ಲ. ಕಾಫ್ಕಾದಲ್ಲಿ ಕ್ರಮದ ಖಾತ್ರಿ ಒಂದು ಪಾರ್ಟಿಶನ್ನಿನ, ಅಂದರೆ ಸಂದೇಶಗಳನ್ನು ಹಂಚಿಟ್ಟ ಒಂದು ಭಾಗದ, ಒಳಗೆ ಮಾತ್ರ ಉಂಟು. ಎಂಕ್ಯೂಟಿಟಿಯಲ್ಲಿ 0, 1, 2 ಎಂಬ ಮೂರು ಸೇವಾಮಟ್ಟಗಳಿದ್ದು, 1ನೆಯ ಮಟ್ಟದಲ್ಲಿ ಕನಿಷ್ಠ ಒಂದು ಸಲ, ಅಂದರೆ ಕೆಲವೊಮ್ಮೆ ಎರಡು ಸಲವೂ ಬರಬಹುದು. ಜಾವಾ ಲೈಬ್ರರಿ ಗುವಾವಾದ ಇವೆಂಟ್‌ಬಸ್ ಸಬ್‌ಸ್ಕ್ರೈಬರಿನ ಎಕ್ಸೆಪ್ಶನ್ನನ್ನು ತಾನೇ ಹಿಡಿದು ಲಾಗಿಗೆ ಬರೆದು ಮುಂದೆ ಸಾಗುತ್ತದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಕೊಡದ ಮಾತನ್ನು ನಿಮ್ಮ ಪರೀಕ್ಷೆ ಎದುರುನೋಡಿದರೆ ಅದು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ನನಗೆ ಬಂದ ಕೋಡುಗಳಲ್ಲಿ ಗಣನೀಯ ಪಾಲು ಈ ಬಗೆಯವು: ಬಸ್ ಸರಿಯಾಗಿತ್ತು, ಪರೀಕ್ಷೆ ಇಲ್ಲದ ಕ್ರಮವನ್ನು ಕೇಳುತ್ತಿತ್ತು.

2. ಮೊದಲು ಥ್ರೆಡ್ ಇಲ್ಲದೆ ಪರೀಕ್ಷಿಸಿ

ಯಾವ ಇವೆಂಟ್ ಯಾರಿಗೆ ಹೋಗಬೇಕು, ಒಂದೇ ಸಬ್‌ಸ್ಕ್ರೈಬರ್ ಎರಡು ಸಲ ನೋಂದಾಯಿಸಿಕೊಂಡರೆ ಏನಾಗಬೇಕು ಎಂಬ ಪ್ರಶ್ನೆಗಳಿಗೂ ಥ್ರೆಡ್‌ಗಳಿಗೂ ಸಂಬಂಧವಿಲ್ಲ. ಇವನ್ನು ಒಂದೇ ಥ್ರೆಡ್ಡಿನಲ್ಲಿ ಪರೀಕ್ಷಿಸಿಬಿಡಬೇಕು. ಅದಕ್ಕಾಗಿ ಬಸ್ಸು ತನ್ನ ಥ್ರೆಡ್‌ಗಳನ್ನು ತಾನೇ ಒಳಗೆ ಹುಟ್ಟಿಸಿಕೊಳ್ಳಬಾರದು. ಕೆಲಸವನ್ನು ಓಡಿಸಿಕೊಡುವ ಎಕ್ಸಿಕ್ಯೂಟರನ್ನು ಹೊರಗಿನಿಂದ ಕೊಡುವಂತಿರಬೇಕು. ನಿಮ್ಮ ಕೋಡು ಹಾಗಿಲ್ಲದಿದ್ದರೆ ಈ ಒಂದು ಬದಲಾವಣೆಯನ್ನು ಮೊದಲು ಮಾಡಿ, ಆಮೇಲೆ ಮುಂದಕ್ಕೆ ಓದಿ.

ಬದಲಾವಣೆ ಆದ ಮೇಲೆ ಎರಡು ಬಗೆಯ ಎಕ್ಸಿಕ್ಯೂಟರ್ ಬರೆದಿಟ್ಟುಕೊಳ್ಳಿ. ಒಂದು, ಕೊಟ್ಟ ಕೆಲಸವನ್ನು ಅಲ್ಲೇ ಆಗಲೇ ಓಡಿಸುವಂಥದ್ದು. ಇನ್ನೊಂದು, ಕೆಲಸಗಳನ್ನು ಪಟ್ಟಿಯಲ್ಲಿ ಸೇರಿಸಿಟ್ಟುಕೊಂಡು, ‘ಮೊದಲನೆಯದನ್ನು ಓಡಿಸು’, ‘ಈಗ ಮೂರನೆಯದನ್ನು ಓಡಿಸು’ ಎಂದು ಪರೀಕ್ಷೆ ಹೇಳಿದಾಗ ಮಾತ್ರ ಓಡಿಸುವಂಥದ್ದು. ಎರಡನೆಯದು ಇಪ್ಪತ್ತು ಸಾಲಿನ ಕೋಡು, ಆದರೆ ಅದರ ಬೆಲೆ ದೊಡ್ಡದು. ‘ಆರ್ಡರ್ ರದ್ದು’ ಎಂಬ ಇವೆಂಟ್ ‘ಆರ್ಡರ್ ಬಂತು’ ಎಂಬುದಕ್ಕಿಂತ ಮೊದಲು ಬಿಲ್ಲಿನ ಭಾಗವನ್ನು ತಲುಪಿದರೆ ಏನಾಗುತ್ತದೆ ಎಂಬುದನ್ನು ಅದೃಷ್ಟಕ್ಕೆ ಬಿಡದೆ, ಪ್ರತಿ ಸಲವೂ ಅದೇ ಕ್ರಮದಲ್ಲಿ ನಡೆಸಿ ನೋಡಬಹುದು.

ಎಚ್ಚರಿಕೆ ಒಂದಿದೆ. ಅಲ್ಲೇ ಓಡಿಸುವ ಎಕ್ಸಿಕ್ಯೂಟರಿನಲ್ಲಿ, ಸಬ್‌ಸ್ಕ್ರೈಬರ್ ತಾನೇ ಇನ್ನೊಂದು ಇವೆಂಟ್ ಹೊರಡಿಸಿದರೆ ಆ ಎರಡನೆಯದು ಮೊದಲನೆಯದರ ಹಂಚಿಕೆ ಮುಗಿಯುವ ಮುನ್ನವೇ ನಡೆದುಬಿಡುತ್ತದೆ. ನಿಜವಾದ ವ್ಯವಸ್ಥೆಯಲ್ಲಿ ಇಲ್ಲದ ಕ್ರಮವೊಂದು ಹೀಗೆ ಪರೀಕ್ಷೆಯಲ್ಲಿ ಮಾತ್ರ ಕಾಣಿಸುತ್ತದೆ. ಸರಪಳಿಯಾಗಿ ಇವೆಂಟ್ ಹೊರಡಿಸುವ ಕಡೆ ಪಟ್ಟಿಯ ಎಕ್ಸಿಕ್ಯೂಟರನ್ನೇ ಬಳಸಿ.

3. ಕಾಯುವುದಾದರೆ ಸಂಕೇತಕ್ಕಾಗಿ ಕಾಯಿರಿ

ಇನ್ನು ನಿಜವಾದ ಥ್ರೆಡ್‌ಗಳಿಗೆ ಬರೋಣ. ಸ್ಲೀಪಿನ ತೊಂದರೆ ಎರಡು ಕಡೆಯದು. ಕೊಟ್ಟ ಹೊತ್ತು ಕಡಿಮೆಯಾದರೆ ಸರಿಯಾದ ಕೋಡೂ ಬೀಳುತ್ತದೆ. ಹೆಚ್ಚಾದರೆ ಪ್ರತಿ ಪರೀಕ್ಷೆಯೂ ಸುಮ್ಮನೆ ಕೂತಿರುತ್ತದೆ. ಅರ್ಧ ಸೆಕೆಂಡಿನ ಸ್ಲೀಪ್ ಇರುವ 400 ಪರೀಕ್ಷೆಗಳೆಂದರೆ ಏನೂ ಮಾಡದೆ ಕಳೆದ 200 ಸೆಕೆಂಡು. ಆದ್ದರಿಂದ ಹೊತ್ತನ್ನು ಊಹಿಸದೆ, ಕೆಲಸ ಮುಗಿದ ಸಂಕೇತಕ್ಕಾಗಿ ಕಾಯಬೇಕು.

ಜಾವಾದಲ್ಲಿ ಇದಕ್ಕೆ ಕೌಂಟ್‌ಡೌನ್‌ಲ್ಯಾಚ್ ಇದೆ: ಒಂದು ಸಂಖ್ಯೆಯಿಂದ ಆರಂಭವಾಗಿ ಪ್ರತಿ ಸಂಕೇತಕ್ಕೂ ಒಂದೊಂದು ಇಳಿದು, ಸೊನ್ನೆಯಾದಾಗ ಕಾಯುತ್ತಿದ್ದವರನ್ನು ಬಿಡುವ ಅಗುಳಿ. ಸಬ್‌ಸ್ಕ್ರೈಬರ್ ಪ್ರತಿ ಇವೆಂಟಿಗೂ ಅದನ್ನು ಇಳಿಸುತ್ತದೆ, ಪರೀಕ್ಷೆಯ ಥ್ರೆಡ್ಡು ಸೊನ್ನೆಗಾಗಿ ಕಾಯುತ್ತದೆ. ಕಾಯುವುದಕ್ಕೆ 10 ಸೆಕೆಂಡಿನಂತಹ ಧಾರಾಳವಾದ ಮಿತಿ ಕೊಡಿ. ಕೋಡು ಸರಿಯಿದ್ದರೆ ಅದು ಮಿಲಿಸೆಕೆಂಡುಗಳಲ್ಲೇ ಮುಗಿಯುತ್ತದೆ, ಮಿತಿಯಷ್ಟೂ ಕಾಯಬೇಕಾಗುವುದು ದೋಷವಿದ್ದಾಗ ಮಾತ್ರ. ಗೋ ಭಾಷೆಯವರು ಇದೇ ಕೆಲಸವನ್ನು ಚಾನೆಲ್ ಮತ್ತು ಸೆಲೆಕ್ಟಿನಿಂದ ಮಾಡಿಕೊಳ್ಳಬಹುದು.

ಬಹಳ ಜನ ಎಡವುವ ಜಾಗ ಇಲ್ಲಿದೆ. ಮಿತಿಯೊಂದಿಗೆ ಕರೆದ ಅವೇಟ್, ಅಂದರೆ ಲ್ಯಾಚಿನ ಕಾಯುವ ಕರೆ, ಹೊತ್ತು ಮೀರಿದಾಗ ಎಕ್ಸೆಪ್ಶನ್ ಎಸೆಯುವುದಿಲ್ಲ. ಸುಮ್ಮನೆ ಫಾಲ್ಸ್ ಎಂದು ಹಿಂದಿರುಗಿಸುತ್ತದೆ. ಆ ಉತ್ತರವನ್ನು ಪರಿಶೀಲಿಸದಿದ್ದರೆ ನಿಮ್ಮ ಲ್ಯಾಚು ಹೆಸರು ಬದಲಿಸಿಕೊಂಡ ಸ್ಲೀಪ್ ಅಷ್ಟೆ. ಎರಡನೆಯದಾಗಿ, 3ರಿಂದ ಆರಂಭಿಸಿದ ಲ್ಯಾಚು ಸೊನ್ನೆಯಾಯಿತೆಂದರೆ ಕನಿಷ್ಠ 3 ಇವೆಂಟ್ ಬಂದವೆಂದು ಅರ್ಥವೇ ಹೊರತು ಮೂರೇ ಬಂದವೆಂದಲ್ಲ. ಒಂದೇ ದೋಸೆಗೆ ಎರಡು ಕೆಒಟಿ ಹೋಗುವ ದೋಷವನ್ನು ಲ್ಯಾಚು ಎಂದಿಗೂ ಹಿಡಿಯದು. ಅದಕ್ಕೆ 5ನೆಯ ಹಂತ ಬೇಕು.

4. ಸಬ್‌ಸ್ಕ್ರೈಬರ್ ಬರೆದುಕೊಳ್ಳಲಿ, ತೀರ್ಪು ಪರೀಕ್ಷೆಯ ಥ್ರೆಡ್ಡಿನಲ್ಲಿ ಆಗಲಿ

ಈ ಹಂತವನ್ನು ದಯವಿಟ್ಟು ಎರಡು ಸಲ ಓದಿ, ಏಕೆಂದರೆ ಇದನ್ನು ತಪ್ಪಿದವರ ಪರೀಕ್ಷೆ ಬೀಳುವುದೇ ಇಲ್ಲ, ಬೀಳದ ಪರೀಕ್ಷೆಯ ಬಗ್ಗೆ ಯಾರೂ ಪ್ರಶ್ನೆ ಕೇಳುವುದೂ ಇಲ್ಲ.

ಸಬ್‌ಸ್ಕ್ರೈಬರಿನ ಒಳಗೇ ‘ಬಂದ ಮೊತ್ತ 120 ಆಗಿರಬೇಕು’ ಎಂದು ಅಸರ್ಟ್, ಅಂದರೆ ತಾಳೆ ನೋಡುವ ಸಾಲು, ಬರೆಯುವುದು ಸಹಜವಾಗಿ ತೋರುತ್ತದೆ. ಆದರೆ ಆ ಕೋಡು ಓಡುವುದು ಬಸ್ಸಿನ ಥ್ರೆಡ್ಡಿನಲ್ಲಿ. ಅಸರ್ಟ್ ವಿಫಲವಾದಾಗ ಏಳುವ ಎಕ್ಸೆಪ್ಶನ್ ಆ ಥ್ರೆಡ್ಡಿನಲ್ಲೇ ಏಳುತ್ತದೆ. ಜಾವಾದ ಪರೀಕ್ಷಾ ಚೌಕಟ್ಟಾದ ಜೆಯೂನಿಟ್ ನೋಡುತ್ತಿರುವುದು ಪರೀಕ್ಷೆಯ ಥ್ರೆಡ್ಡನ್ನು. ಕೆಲಸವನ್ನು ಎಕ್ಸಿಕ್ಯೂಟರಿಗೆ ಸಬ್ಮಿಟ್ ಮೂಲಕ ಕೊಟ್ಟಿದ್ದರೆ ಎಕ್ಸೆಪ್ಶನ್ ಫ್ಯೂಚರಿನೊಳಗೆ, ಅಂದರೆ ಮುಂದೆ ಸಿಗುವ ಫಲಿತಾಂಶವನ್ನು ಇಡುವ ವಸ್ತುವಿನೊಳಗೆ, ಸೇರಿಕೊಂಡು, ಯಾರಾದರೂ ಗೆಟ್ ಎಂದು ಕೇಳುವವರೆಗೆ ಅಲ್ಲೇ ಇರುತ್ತದೆ. ಬಸ್ಸು ಎಕ್ಸೆಪ್ಶನ್ನನ್ನು ತಾನೇ ಹಿಡಿದು ಲಾಗಿಗೆ ಬರೆಯುವ ಬಗೆಯದಾದರೆ ಲಾಗಿನಲ್ಲಿ ಒಂದು ಸಾಲು ಕಾಣಬಹುದು. ಎಲ್ಲ ಸಂದರ್ಭದಲ್ಲೂ ಪರೀಕ್ಷೆ ಹಸಿರೇ, ಅಂದರೆ ಪಾಸೇ. ಮೊತ್ತ 120 ಇರಲಿ, 12,000 ಇರಲಿ, ಅದು ಹಸಿರಾಗಿಯೇ ಇರುತ್ತದೆ.

ಪರಿಹಾರ ಸರಳ. ಪರೀಕ್ಷೆಯ ಸಬ್‌ಸ್ಕ್ರೈಬರ್ ಯಾವ ತೀರ್ಪನ್ನೂ ಕೊಡದೆ, ಬಂದ ಇವೆಂಟನ್ನು ಬ್ಲಾಕಿಂಗ್ ಕ್ಯೂ ಒಂದಕ್ಕೆ, ಅಂದರೆ ಖಾಲಿಯಿದ್ದಾಗ ಓದುವವರನ್ನು ಕಾಯಿಸುವ ಸರತಿಗೆ, ಹಾಕಲಿ. ಪರೀಕ್ಷೆಯ ಥ್ರೆಡ್ಡು ಅಲ್ಲಿಂದ ಮಿತಿಯೊಂದಿಗೆ ತೆಗೆದುಕೊಂಡು ಹೋಲಿಸಿ ನೋಡಲಿ. ಕಾಯುವುದು, ಥ್ರೆಡ್‌ಗಳ ನಡುವೆ ದತ್ತಾಂಶವನ್ನು ಸುರಕ್ಷಿತವಾಗಿ ದಾಟಿಸುವುದು ಎರಡೂ ಇದರಲ್ಲೇ ಆಗಿಹೋಗುವುದರಿಂದ, ಹೆಚ್ಚಿನ ಪರೀಕ್ಷೆಗಳಿಗೆ ನಾನು ಲ್ಯಾಚಿಗಿಂತ ಇದನ್ನೇ ಇಷ್ಟಪಡುತ್ತೇನೆ. ಬರೆದು ಮುಗಿಸಿದ ಮೇಲೆ ಕೋಡನ್ನು ಬೇಕೆಂದೇ ಕೆಡಿಸಿ, ಮೊತ್ತವನ್ನು ತಪ್ಪು ಮಾಡಿ, ಪರೀಕ್ಷೆ ಕೆಂಪಾಗುವುದನ್ನು ಒಮ್ಮೆ ಕಣ್ಣಾರೆ ನೋಡಿ. ಕೆಂಪಾಗದಿದ್ದರೆ ಎಕ್ಸೆಪ್ಶನ್ ಎಲ್ಲೋ ಅಡಗಿದೆ.

5. ಬಾರದಿರಬೇಕಾದದ್ದನ್ನು ಪರೀಕ್ಷಿಸುವುದು

‘ಅನ್‌ಸಬ್‌ಸ್ಕ್ರೈಬ್ ಆದ ಮೇಲೆ ಇವೆಂಟ್ ಬರಬಾರದು’, ‘ಒಂದೇ ಇವೆಂಟ್ ಎರಡು ಸಲ ಬರಬಾರದು’. ಬಂದದ್ದಕ್ಕೆ ಸಂಕೇತವಿದೆ, ಬಾರದ್ದಕ್ಕೆ ಯಾವ ಸಂಕೇತ? ಸ್ಲೀಪನ್ನು ಎಲ್ಲೆಡೆಯಿಂದ ಓಡಿಸಿದವರೂ ಇಲ್ಲಿ ಅದನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಾರೆ. ಅದೂ ಕೆಟ್ಟ ಬಗೆಯಲ್ಲಿ: ಇಲ್ಲಿ ಸ್ಲೀಪ್ ಕಡಿಮೆಯಾದರೆ ಪರೀಕ್ಷೆ ಬೀಳುವ ಬದಲು ಸುಳ್ಳಾಗಿ ಪಾಸಾಗುತ್ತದೆ.

ದಾರಿ ಏನೆಂದರೆ, ಪರೀಕ್ಷಿಸಬೇಕಾದ ಇವೆಂಟಿನ ಹಿಂದೆಯೇ ಕಾವಲು ಇವೆಂಟ್ ಒಂದನ್ನು ಕಳುಹಿಸುವುದು. ಬಸ್ಸು ಕ್ರಮವನ್ನು ಕಾಯುವುದಾದರೆ, ಕಾವಲು ತಲುಪಿತೆಂದರೆ ಅದರ ಮುಂದಿದ್ದವೆಲ್ಲ ಆಗಲೇ ತಲುಪಿರಬೇಕು. ನಮ್ಮ ಹೋಟೆಲಿನಲ್ಲಿ, ಪಾರ್ಸೆಲ್ ಕೌಂಟರನ್ನು ಅನ್‌ಸಬ್‌ಸ್ಕ್ರೈಬ್ ಮಾಡಿ, ಒಂದು ಆರ್ಡರನ್ನೂ ಅದರ ಬೆನ್ನಿಗೆ ಕಾವಲನ್ನೂ ಕಳುಹಿಸಿ, ಉಳಿದಿರುವ ಇನ್ನೊಬ್ಬ ಸಬ್‌ಸ್ಕ್ರೈಬರಿಗೆ ಕಾವಲು ಸಿಗುವವರೆಗೆ ಕಾದು, ಆಮೇಲೆ ಪಾರ್ಸೆಲ್ ಕೌಂಟರಿನ ಪಟ್ಟಿ ಖಾಲಿ ಇದೆಯೇ ಎಂದು ನೋಡಬೇಕು. ಎರಡು ಸಲ ಬರುವ ದೋಷಕ್ಕೂ ಇದೇ ಉಪಾಯ: ಕಾವಲು ಬಂದ ಮೇಲೆ ಎಣಿಸಿ.

ಆದರೆ ಇದು ನಿಲ್ಲುವುದು ಎಲ್ಲರಿಗೂ ಸೇರಿ ಒಂದೇ ಸಾಲಿನಲ್ಲಿ ಹಂಚುವ ಬಸ್ಸಿನಲ್ಲಿ ಮಾತ್ರ. ನಾಲ್ಕು ಥ್ರೆಡ್‌ಗಳ ಪೂಲ್ ಇದ್ದರೆ, ಅಥವಾ ಪ್ರತಿ ಸಬ್‌ಸ್ಕ್ರೈಬರಿಗೂ ಅವರದೇ ಕ್ಯೂ ಇದ್ದರೆ, ಕಾವಲು ಮುಂದಿನವರನ್ನು ಹಿಂದಿಕ್ಕಿ ಬರಬಹುದು. ಅಂಥಲ್ಲಿ ಬಸ್ಸನ್ನು ಕ್ರಮಬದ್ಧವಾಗಿ ಮುಚ್ಚಿ, ಎಕ್ಸಿಕ್ಯೂಟರಿನ ಶಟ್‌ಡೌನ್ ಕರೆದು, ಬಾಕಿ ಕೆಲಸಗಳೆಲ್ಲ ಮುಗಿಯುವವರೆಗೆ ಅವೇಟ್‌ಟರ್ಮಿನೇಶನ್‌ನಲ್ಲಿ ಕಾದು, ಆಮೇಲೆ ಎಣಿಸುವುದು ಕ್ಷೇಮ. ಅದರ ಉತ್ತರವೂ ಟ್ರೂ ಅಥವಾ ಫಾಲ್ಸ್ ಆಗಿರುವುದರಿಂದ ಪರಿಶೀಲಿಸಲು ಮರೆಯಬೇಡಿ. ಗೋ ಬಳಸುವವರಿಗೆ 1.25ನೆಯ ಆವೃತ್ತಿಯಿಂದ ಸಿಂಕ್‌ಟೆಸ್ಟ್ ಎಂಬ ಪ್ಯಾಕೇಜು ಭಾಷೆಯ ಜೊತೆಗೇ ಸಿಗುತ್ತದೆ. ಪರೀಕ್ಷೆಯ ಒಳಗಿನ ಉಳಿದ ಗೋರೂಟೀನ್‌ಗಳೆಲ್ಲ (ಗೋ ಭಾಷೆಯ ಹಗುರ ಥ್ರೆಡ್‌ಗಳು) ಮುಗಿಯುವವರೆಗೆ ಅಥವಾ ತಡೆದು ನಿಲ್ಲುವವರೆಗೆ ಅದರ ವೇಟ್ ಕಾಯುತ್ತದೆ, ಗಡಿಯಾರವೂ ಕೃತಕವಾಗಿರುತ್ತದೆ. ಈ ಹಂತಕ್ಕೆ ಹೇಳಿ ಮಾಡಿಸಿದಂತಿದೆ.

6. ಎಲ್ಲರನ್ನೂ ಒಟ್ಟಿಗೆ ಬಿಡಿ

ಈಗ ಒತ್ತಡದ ಪರೀಕ್ಷೆ. 8 ಪಬ್ಲಿಷರ್ ಥ್ರೆಡ್‌ಗಳು ತಲಾ 10,000 ಇವೆಂಟ್ ಕಳುಹಿಸಲಿ, 3 ಸಬ್‌ಸ್ಕ್ರೈಬರ್‌ಗಳು ಕೇಳಿಸಿಕೊಳ್ಳಲಿ. ಒಟ್ಟು 2,40,000 ತಲುಪುವಿಕೆಗಳು. ಥ್ರೆಡ್‌ಗಳನ್ನು ಒಂದಾದ ಮೇಲೊಂದು ಶುರುಮಾಡಿದರೆ ಎಂಟನೆಯದು ಏಳುವಷ್ಟರಲ್ಲಿ ಮೊದಲನೆಯದರ ಕೆಲಸವೇ ಮುಗಿದಿರಬಹುದು. ಆದ್ದರಿಂದ ಎಲ್ಲವನ್ನೂ ಒಂದು ಗೇಟಿನ ಮುಂದೆ, ಅಂದರೆ ಸೈಕ್ಲಿಕ್‌ಬ್ಯಾರಿಯರಿನಲ್ಲಿ ಅಥವಾ 1ರ ಲ್ಯಾಚಿನಲ್ಲಿ, ನಿಲ್ಲಿಸಿ ಒಮ್ಮೆಗೇ ಬಿಡಬೇಕು. ದಾದರಿನಲ್ಲಿ ಫಾಸ್ಟ್ ಲೋಕಲ್ ನಿಂತಾಗ ಡಬ್ಬಿಯ ಬಾಗಿಲಿನಲ್ಲಿ ಆಗುವುದು ಇಲ್ಲೂ ಆಗಬೇಕು.

ಪ್ರತಿ ಇವೆಂಟಿನ ಮೇಲೂ ಪಬ್ಲಿಷರಿನ ಗುರುತು ಮತ್ತು ಆ ಪಬ್ಲಿಷರಿನ ಅನುಕ್ರಮ ಸಂಖ್ಯೆ ಇರಲಿ. ಕೊನೆಗೆ ಪ್ರತಿ ಸಬ್‌ಸ್ಕ್ರೈಬರಿನಲ್ಲೂ ಯಾವ ಸಂಖ್ಯೆಯೂ ತಪ್ಪಿಲ್ಲ, ಯಾವುದೂ ಎರಡು ಸಲ ಬಂದಿಲ್ಲ, ಒಬ್ಬ ಪಬ್ಲಿಷರಿನ ಸಂಖ್ಯೆಗಳು ಏರುವ ಕ್ರಮದಲ್ಲಿವೆ ಎಂದು ನೋಡಿ. ಬೇರೆ ಬೇರೆ ಪಬ್ಲಿಷರುಗಳ ನಡುವಿನ ಕ್ರಮವನ್ನು ಮಾತ್ರ ಕೇಳಬೇಡಿ, ನಿಮ್ಮ ಹಾಳೆಯಲ್ಲಿ ಹಾಗೆ ಬರೆದಿದ್ದರೆ ಹೊರತು.

ಇದೆಲ್ಲ ನಡೆಯುತ್ತಿರುವಾಗಲೇ ಇನ್ನೊಂದು ಥ್ರೆಡ್ಡು ಸಬ್‌ಸ್ಕ್ರೈಬ್, ಅನ್‌ಸಬ್‌ಸ್ಕ್ರೈಬ್ ಮಾಡುತ್ತಲೇ ಇರಲಿ. ಈ ಬಗೆಯ ಕೋಡಿನಲ್ಲಿ ರೇಸುಗಳ ತವರು ಅದು. ಸಬ್‌ಸ್ಕ್ರೈಬರ್‌ಗಳ ಪಟ್ಟಿ ಸಾದಾ ಅರೇಲಿಸ್ಟ್ ಆಗಿದ್ದರೆ ಕನ್‌ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಶನ್ (ಓದುತ್ತಿರುವಾಗಲೇ ಪಟ್ಟಿ ಬದಲಾಯಿತೆಂಬ ದೂರು) ಇಲ್ಲಿ ಹೊರಬೀಳುವ ಸಾಧ್ಯತೆ ಹೆಚ್ಚು. ಅದನ್ನು ಕಾಪಿಆನ್‌ರೈಟ್‌ಅರೇಲಿಸ್ಟಿಗೆ ಬದಲಿಸಿದರೆ ಆ ಎಕ್ಸೆಪ್ಶನ್ ಹೋಗುತ್ತದೆ. ಆದರೆ ಆ ಪಟ್ಟಿಯ ಮೇಲಿನ ಸುತ್ತು ಆರಂಭದ ಗಳಿಗೆಯ ಪ್ರತಿಯನ್ನೇ ನೋಡುವುದರಿಂದ, ಈಗಷ್ಟೇ ಬಿಟ್ಟುಹೋದವರಿಗೂ ಒಂದು ಇವೆಂಟ್ ಹೋಗಬಹುದು. ಅದು ದೋಷವೇ ಅಲ್ಲವೇ ಎಂಬುದಕ್ಕೆ ಉತ್ತರ ಮತ್ತೆ ಅದೇ ಹಾಳೆಯಲ್ಲಿದೆ.

ಪರೀಕ್ಷೆಯ ಕೋಡೇ ದೋಷವನ್ನು ಮುಚ್ಚುವುದೂ ಉಂಟು. ಜಾವಾದ ಪ್ರಿಂಟ್ಎಲ್ಎನ್ ಒಳಗೊಳಗೇ ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ, ಹಿಡಿಯುತ್ತದೆ. ರೇಸನ್ನು ನೋಡಲೆಂದು ಹಾಕಿದ ಮುದ್ರಣದ ಸಾಲು ಥ್ರೆಡ್‌ಗಳನ್ನು ಸಾಲಾಗಿ ನಿಲ್ಲಿಸಿ ರೇಸನ್ನೇ ಮಾಯ ಮಾಡಬಹುದು. ಎಲ್ಲ ಸಬ್‌ಸ್ಕ್ರೈಬರ್‌ಗಳೂ ಲಾಕ್ ಇರುವ ಒಂದೇ ಪಟ್ಟಿಗೆ ಬರೆದರೂ ಹೀಗೆಯೇ. ಪ್ರತಿಯೊಬ್ಬರಿಗೂ ಅವರದೇ ಪಟ್ಟಿ ಕೊಟ್ಟು, ಎಲ್ಲ ಮುಗಿದ ಮೇಲೆ ಸೇರಿಸಿ ನೋಡಿ.

ಪರೀಕ್ಷೆ ಬೀಳದೆ ನಿಂತೇ ಹೋದರೆ ಅದು ಡೆಡ್‌ಲಾಕ್ ಇರಬಹುದು, ಅಂದರೆ ಇಬ್ಬರೂ ಮತ್ತೊಬ್ಬರ ಕೈಯಲ್ಲಿರುವ ಲಾಕಿಗಾಗಿ ಕಾಯುತ್ತಿರುವ ಸ್ಥಿತಿ. ಲಾಕ್ ಹಿಡಿದುಕೊಂಡೇ ಸಬ್‌ಸ್ಕ್ರೈಬರನ್ನು ಕರೆಯುವ ಬಸ್ಸುಗಳಲ್ಲಿ ಇದು ಸಾಮಾನ್ಯ. ಕೊಂದುಹಾಕುವ ಮೊದಲು ಜಾವಾದ ಜೆಸ್ಟ್ಯಾಕ್ ಓಡಿಸಿ ಥ್ರೆಡ್ ಡಂಪ್, ಅಂದರೆ ಪ್ರತಿ ಥ್ರೆಡ್ಡು ಎಲ್ಲಿ ನಿಂತಿದೆ ಎಂಬ ಪಟ್ಟಿ, ತೆಗೆದಿಟ್ಟುಕೊಳ್ಳಿ.

7. ಪತ್ತೆಕಾರಕವನ್ನು ಬಳಸಿ, ಸಲಗಳನ್ನು ಲೆಕ್ಕ ಹಾಕಿ

ಗೋ ಭಾಷೆಯಲ್ಲಿ ಪರೀಕ್ಷೆಯ ಆಜ್ಞೆಗೆ ರೇಸ್ ಎಂಬ ಆಯ್ಕೆ ಸೇರಿಸಿದರೆ ಸಾಕು. ಸಿ ಮತ್ತು ಸಿ++ನಲ್ಲಿ ಥ್ರೆಡ್‌ಸ್ಯಾನಿಟೈಸರ್ ಇದೆ. ಜಾವಾದವರಿಗೆ ಓಪನ್‌ಜೆಡಿಕೆಯ ಜೆಸಿಸ್ಟ್ರೆಸ್ ಇದೆ, ಅದು ಚಿಕ್ಕ ತುಣುಕುಗಳನ್ನು ಲಕ್ಷಗಟ್ಟಲೆ ಸಲ ಓಡಿಸಿ ಫಲಿತಾಂಶಗಳನ್ನು ಪಟ್ಟಿ ಮಾಡುತ್ತದೆ. ಗೋ ದಾಖಲೆಗಳ ಪ್ರಕಾರ ಅದರ ಪತ್ತೆಕಾರಕಕ್ಕೆ ಮೆಮೊರಿ 5ರಿಂದ 10 ಪಟ್ಟು, ಹೊತ್ತು 2ರಿಂದ 20 ಪಟ್ಟು ಹೆಚ್ಚು ಬೇಕಾಗುತ್ತದೆ. ಇದು ಕಂಡುಹಿಡಿಯುವುದು ನಿಜವಾಗಿ ಓಡಿದ ಕೋಡಿನ ರೇಸನ್ನು ಮಾತ್ರ. 6ನೆಯ ಹಂತವಿಲ್ಲದೆ 7ನೆಯದು ಅರ್ಧ.

ಎಷ್ಟು ಸಲ ಓಡಿಸಬೇಕೆಂದು ಕೇಳುವವರಿಗೆ: ಸಾವಿರಕ್ಕೊಮ್ಮೆ ಕಾಣುವ ದೋಷವನ್ನು 1,000 ಸಲ ಓಡಿಸಿದರೆ ನೋಡುವ ಸಾಧ್ಯತೆ ಸುಮಾರು ಶೇ. 63 ಮಾತ್ರ. 3,000 ಸಲಕ್ಕೆ ಅದು ಶೇ. 95 ಆಗುತ್ತದೆ, 4,600ಕ್ಕೆ ಶೇ. 99. ತಿದ್ದಿದ ಮೇಲೆ ‘ನೂರು ಸಲ ಓಡಿಸಿದೆ, ಬರಲಿಲ್ಲ’ ಎನ್ನುವುದರಲ್ಲಿ ಹುರುಳಿಲ್ಲ ಎಂಬುದು ಇದರಿಂದ ತಿಳಿಯುತ್ತದೆ: ದೋಷ ಇದ್ದರೂ ನೂರರಲ್ಲಿ ಅದು ಕಾಣುವ ಸಾಧ್ಯತೆ ಶೇ. 10ಕ್ಕೂ ಕಡಿಮೆ. ಇಷ್ಟು ಸಲದ ಓಟವನ್ನು ಪ್ರತಿ ಬಿಲ್ಡಿಗೂ ಇಡಬೇಡಿ, ರಾತ್ರಿಯ ಬಿಲ್ಡಿಗೆ ಇಡಿ.

8. ಬಿದ್ದ ಪರೀಕ್ಷೆಯನ್ನು ಹಿಡಿದಿಡಿ

ವಾರಕ್ಕೊಮ್ಮೆ ಬೀಳುವ ಪರೀಕ್ಷೆಗೆ ‘ತಾನಾಗಿಯೇ ಮೂರು ಸಲ ಮತ್ತೆ ಓಡಿಸು’ ಎಂಬ ಸೌಲಭ್ಯವನ್ನು ಹಚ್ಚಿಬಿಡುವ ರೂಢಿ ನಮ್ಮ ತಂಡಗಳಲ್ಲಿದೆ. ಅದನ್ನು ತೆಗೆಯಿರಿ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರ ವಿದ್ಯುತ್ ಹೋದಾಗ, ಅದಕ್ಕಿದ್ದ ಕಾರಣಗಳಲ್ಲಿ ಎಚ್ಚರಿಕೆಯ ಗಂಟೆ ಹೊಡೆಯಬೇಕಿದ್ದ ಸಾಫ್ಟ್‌ವೇರು ಒಂದು ರೇಸಿನಿಂದ ಸ್ತಬ್ಧವಾದದ್ದೂ ಒಂದಾಗಿತ್ತು. ಅದು ಕೂಡ ತೀರಾ ಅಪರೂಪಕ್ಕೆ ಕಾಣುವ ಬಗೆಯದೇ.

ಪರೀಕ್ಷೆ ಬಿದ್ದಾಗ ಲಾಗ್, ಥ್ರೆಡ್ ಡಂಪ್, ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿದ್ದರೆ ಅವುಗಳ ಸೀಡ್ (ಅದೇ ಸಂಖ್ಯೆಗಳನ್ನು ಮತ್ತೆ ಹುಟ್ಟಿಸುವ ಮೂಲ ಸಂಖ್ಯೆ), ಈ ಮೂರನ್ನು ಬಿಲ್ಡ್ ಸರ್ವರ್ ತಾನೇ ಎತ್ತಿಡುವಂತೆ ಮಾಡಿ. ಅವುಗಳಿಂದ ಯಾವ ಇವೆಂಟ್ ಯಾವುದಕ್ಕಿಂತ ಮೊದಲು ಬಂದಾಗ ಬಿತ್ತು ಎಂಬುದು ತಿಳಿದ ಕೂಡಲೇ, 2ನೆಯ ಹಂತದ ಪಟ್ಟಿಯ ಎಕ್ಸಿಕ್ಯೂಟರಿನಲ್ಲಿ ಅದೇ ಕ್ರಮವನ್ನು ನಡೆಸುವ ಪುಟ್ಟ ಪರೀಕ್ಷೆಯೊಂದನ್ನು ಬರೆಯಿರಿ. ಅದು ಪ್ರತಿ ಸಲವೂ ಬೀಳಬೇಕು. ಕೋಡು ತಿದ್ದುವುದು ಅದಾದ ಮೇಲೆ.